ಬೀಡು

ಶಾರ್ಜಾದ ಸನಾಯಾ, ಪಂಚರ್ ಅಂಗಡಿ ಹಿಂದಿನ ಗಲ್ಲಿ.
ತಲಿ ತಗದಿಟ್ಟು ಸ್ಟ್ಯಾಂಡಿನ ಮ್ಯಾಲ ಕುಂತೈತಿ
ಆರು ಸಿಲಿಂಡರಿನ ಬ್ಲಾಕು.
"ಬಾಯಪ್ಪ, ತುಂಬಸೋಣೇನು?" ಅಂತಾನ ಗಾನಿಮ್.
ಅರಬ್ಬಿಯಾಗ 'ಪ' ಇಲ್ಲ. ಪಾಯಪ್ಪ ನಾನು
ಹದಿನಾಕು ವರ್ಷದಿಂದ ಬಾಯಪ್ಪ.
ಒಮ್ಮೊಮ್ಮೆ 'ಬಾ, ಅಪ್ಪಾ' ಅಂದಂಗ ಕೇಳಿ
ಕೈಯಾಗಿನ ಕೆಲಸ ಬಿಟ್ಟು ಎದ್ದು ಹೋಗತೇನಿ.

ತುಂಬಸೂದಂದ್ರ
ಸಿಲಿಂಡರಿನ ಸುತ್ತ ನೀರು ಹರಿಯೂ ಸಂದಿಗೆ
ಸಿಮೆಂಟಿನಂಥಾದ್ದು ಹೊಯ್ಯೂದು.
ಒಣಗಿತಂದ್ರ ಗ್ವಾಡಿ ಮಿಸುಕೂದಿಲ್ಲ,
ಟರ್ಬೊ ಎಷ್ಟ ಗಾಳಿ ತುರುಕಿದ್ರೂ
ಕಲ್ಲಾಗಿ ನಿಂದರತೈತಿ.
ನೀರಿಗೆ ಮಾತ್ರ ಹಾದಿ ಇಲ್ಲ.

ಹೊರಗ ನಲವತ್ತೆಂಟು ಡಿಗ್ರಿ.
ಬಿಸಲಾಗಿಟ್ಟ ಪಾನಾ ಹಿಡದ್ರ ಅಂಗೈ ಚುರ್ ಅಂತೈತಿ.
ಇಂಥಾ ಊರಾಗ
ನೀರಿನ ಹಾದಿ ಮುಚ್ಚು ಅಂತಾನ ಹುಡುಗ.

ಗೇಜ್ ಹಚ್ಚಿ ಅಳದೆ.
ಒಂದನೇದು ಐದೂವರಿ ಮಿಲಿ ದಪ್ಪ, ಎರಡನೇದು ಐದು,
ನಾಲ್ಕನೇದರ ಎಡಮಗ್ಗಲಾ ಬರೇ ಮೂರೂವರಿ.
ಎರಕಾ ಹೊಯ್ಯೂಮುಂದ ಒಳಗಿನ ಉಸುಕಿನ ಅಚ್ಚು
ಕೂದಲೆಳಿಯಷ್ಟು ಸರದೈತಿ.
ಜಪಾನಿನ ಯಾವನೋ ಒಬ್ಬಾಂವ ಆ ಹೊತ್ತಿಗೆ ಆಕಳಿಸಿರಬೇಕು.
ನಾ ಬೈಯೂದಿಲ್ಲ. ಬೆಳಗಾವಿ ಫೌಂಡ್ರಿಯಾಗ
ರಾತ್ರಿಪಾಳಿ ನಾನೂ ಆಕಳಿಸೇನಿ.

"ಉಕ್ಕು ಬಾಗಿ ಹೇಳತೈತಿ," ಅಂತಿದ್ದ ಸಾತಪ್ಪ ಮಿಸ್ತ್ರಿ,
"ಬೀಡು ಹೇಳೂದಿಲ್ಲ. ಒಡೀತೈತಿ ಅಷ್ಟ."
ಎರಕದ ಕಬ್ಬಿಣಕ್ಕ ಬೀಡು ಅಂತೇವಿ ನಾವು.
ಒಂದ ಖೋಲಿಯಾಗ ಎಂಟ ಮಂದಿ ಗಂಟುಮೂಟಿ ಇಟಗೊಂಡು
ಇವತ್ತೋ ನಾಳೆಯೋ ಅಂತ ಇರೂದಕ್ಕೂ
ಬೀಡು ಬಿಟ್ಟದ್ದು ಅಂತೇವಿ.
ಇದನ್ನ ಗುಲ್‌ಜಮಾನ್‌ಗೆ ಹಿಂದಿಯಾಗ ಹೇಳಾಕ ಹೋಗಿ
ಎರಡ ಸಲ ಸೋತೇನಿ.

ಅಂವ ಅಂತಾನ: "ತುಂಬಿಬಿಡು ಭಾಯಿ.
ರೊಕ್ಕಾನೂ ಅವಂದು, ಬ್ಲಾಕೂ ಅವಂದು."
ಚೀಲಾ ತಂದು ಕಾಲ ಹತ್ರ ಇಟ್ಟಾನ ಆಗಲೇ.

ಆದ್ರ ಬಲ ಅನ್ನೂದು ಸುಮ್ಮನ ಕುಂಡ್ರೂದಿಲ್ಲ.
ಗ್ವಾಡಿ ಗಟ್ಟಿ ಆತಂದ್ರ ರಾಡಿಗೆ ಬರತೈತಿ,
ರಾಡೂ ಗಟ್ಟಿ ಮಾಡಿದ್ರ ಗೇರ್‌ಬಾಕ್ಸಿಗೆ.
ಅದನ್ನೂ ಗಟ್ಟಿ ಮಾಡಿದ್ರ
ಕಡೀಕ ಸ್ಟೇರಿಂಗ್ ಹಿಡದ ಹುಡುಗನ ಹುಡಕತೈತಿ.

"ಗಾನಿಮ್, ಲೀವಾದ ಉಸುಕಿನ ಗುಡ್ಡಾ ಏರಾಕ ಎಷ್ಟೊತ್ತು?"
"ಹನ್ನೆರಡ ಸೆಕೆಂಡು."
"ಹನ್ನೆರಡ ಸೆಕೆಂಡಿಗೆ ನೀರ ಬ್ಯಾಡ. ಆಮ್ಯಾಲ?
ಟ್ರೇಲರ್ ಮ್ಯಾಲ ಮನಿಗೆ ಹೋಗತೈತೋ,
ನೀನ ಓಡಿಸ್ಕೊಂಡು ಹೋಗತೀಯೋ?"

ಚಪ್ಪಲಿ ತುದಿಲೇ ನಟ್ ಒಂದನ್ನ ಉರುಳಿಸಿಕೋತ ನಿಂತ.
"ಟ್ರೇಲರ್ ಇಲ್ಲ," ಅಂದ.
ಅಜ್ಜಿಗೆ ವಾರಕ್ಕ ಮೂರ ಸಲ ಡಯಾಲಿಸಿಸ್,
ಧೈದ್‌ನಿಂದ ಕರಕೊಂಡು ಬರಬೇಕು.
ಮನಿಯಾಗ ಐದ ಗಾಡಿ ಅದಾವು,
ಅಕಿಗೆ ಇದರ ಸೀಟಷ್ಟ ಸೇರತೈತಿ.

ಮೊದಲ ಹೇಳಬೇಕಿಲ್ಲೇನೋ ಮಾರಾಯಾ!

ಸೀಮೆಸುಣ್ಣ ತಗೊಂಡು
ಬ್ಲಾಕಿನ ಮಗ್ಗಲಿಗೆ ಅಡ್ಡ ಗೆರಿ ಎಳದೆ, ನಡುವಿಗಿಂತ ಕೆಳಗ.
ಇಲ್ಲೀತನಕ ತುಂಬೂದು. ಮ್ಯಾಲ ನೀರು ಆಡಲಿ.
ನಾಲ್ಕನೇದಕ್ಕ ಒಂದ ಸ್ಲೀವು.
ಸಾವಿರ ಕುದುರಿ ಬ್ಯಾಡ, ಏಳನೂರು ಸಾಕು.

"ಏಳನೂರ?" ಮಾರಿ ಸಣ್ಣದಾತು ಹುಡುಗಂದು.
ಅವನ ಕಾಕಾನ ಮಗಂದು ಸಾವಿರದಾ ನೂರಂತ.
ಹೇಳತೇನಿ ಅಂತ ಹೋದ. ಬಾಗಲಾ ಜೋರಾಗಿ ಹಾಕಿದ.
ಗುಲ್‌ಜಮಾನ್ ಚೀಲದ ಮ್ಯಾಲ ಕುಂತು ಚಾ ಕುಡದ.

ರಾತ್ರಿ ಹನ್ನೊಂದಕ್ಕ, ಎಂಟ ಮಂದಿ ಗೊರಕಿಯೊಳಗ
ಫೋನ್ ಮಿಣುಕಿತು. ಬಾಯಪ್ಪ, ಎಂಟನೂರು?
ಏಳನೂರಾ ಐವತ್ತು, ಅಂತ ಬರದೆ.
ಬರದಾದ ಮ್ಯಾಲ ನಿದ್ದಿ ಹತ್ತಲಿಲ್ಲ.
ಗೆರಿ ಎರಡ ಬಟ್ಟು ಮ್ಯಾಲ ಹೋಗಬೇಕಾದೀತೇನೋ.
ಆ ಮೂರೂವರಿ ಮಿಲಿ
ನಾಳೆ ಮತ್ತೊಮ್ಮೆ ಅಳೀಬೇಕು.